ಹಳೇ ಜಿ-ಫೋರ್ ಜೆಟ್ ಅಗ್ಗಕ್ಕೆ ಸಿಗುತ್ತಿದೆ, ತಗೊಳ್ಳೋದಾ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ದಾವಣಗೆರೆ ಕಡೆ, ಈಗ ಇರೋದು ನ್ಯೂಜೆರ್ಸಿಯಲ್ಲಿ. ಅಣ್ಣ, ನಾನು ಸೇರಿ ನಡೆಸುವ ಕಂಪನಿಗೆ ಕ್ಯಾಲಿಫೋರ್ನಿಯಾದಲ್ಲೂ ಲಂಡನ್ನಿನಲ್ಲೂ ಕೆಲಸವಿದೆ. ಇಷ್ಟು ದಿನ ಬಾಡಿಗೆ ಜೆಟ್‌ನಲ್ಲಿ ಓಡಾಡಿದೆವು. ವರ್ಷಕ್ಕೆ ಸುಮಾರು 180 ಗಂಟೆ ಆಗುತ್ತದೆ. ಈಗ ಸೆಕೆಂಡ್‌ಹ್ಯಾಂಡ್‌ನಲ್ಲಿ ಒಂದು ದೊಡ್ಡ ಕ್ಯಾಬಿನ್ ಜೆಟ್ ತಗೊಂಡು ಏಳೆಂಟು ವರ್ಷ ಇಟ್ಟುಕೊಳ್ಳುವ ಯೋಚನೆ ಇದೆ. 1998ರ ಗಲ್ಫ್‌ಸ್ಟ್ರೀಮ್ ಜಿ-ಫೋರ್ ಎಸ್‌ಪಿ ಒಂದಕ್ಕೆ 26 ಲಕ್ಷ ಡಾಲರ್ ಹೇಳುತ್ತಿದ್ದಾರೆ. ಅದೇ ಕಂಪನಿಯ 2009ರ ಜಿ450ಗೆ 88 ಲಕ್ಷ. ಒಳಗೆ ಹೋಗಿ ಕೂತು ನೋಡಿದರೆ ಎರಡೂ ಒಂದೇ ತರ. ಹಳೆಯದರ ಸೀಟು, ಕಾರ್ಪೆಟ್ ಎಲ್ಲ ಹೊಸದು. "ಮೂರು ಪಟ್ಟು ಯಾಕೆ ಕೊಡಬೇಕು?" ಅಂತ ಅಣ್ಣ ಕೇಳುತ್ತಾರೆ. ಏನು ಮಾಡೋಣ?

ಉತ್ತರ: ನಿಮ್ಮ ಅಣ್ಣ ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಕ್ಯಾಬಿನ್ ಒಂದೇ ತರ ಕಾಣಲು ಕಾರಣ, ಅದು ಹೆಚ್ಚೂಕಡಿಮೆ ಅದೇ ಕ್ಯಾಬಿನ್ ಆಗಿರುವುದು. ಜಿ-ಫೋರ್ ಮೊದಲ ಸಲ ಹಾರಿದ್ದು 1985ರಲ್ಲಿ. ಅದರ ಮೈಕಟ್ಟನ್ನೇ ಇಟ್ಟುಕೊಂಡು ಮಾಡಿದ ಜಿ450 ಗ್ರಾಹಕರ ಕೈಗೆ ಬಂದದ್ದು 2005ರಲ್ಲಿ, ತಯಾರಿ ನಿಂತದ್ದು 2018ರಲ್ಲಿ. ಎರಡರಲ್ಲೂ ಒಳಗಿನ ಎತ್ತರ ಸುಮಾರು 1.88 ಮೀಟರ್. ಪಕ್ಕಕ್ಕೆ ಆರರಂತೆ ಅದೇ ಮೊಟ್ಟೆಯಾಕಾರದ ಕಿಟಕಿಗಳು. ಎಂಜಿನ್ ಕೂಡ ಒಂದೇ ಮನೆತನದ್ದು, ರೋಲ್ಸ್‌ರಾಯ್ಸ್ ಟೇ. ಹಾಗಾದರೆ ಮೇಲಿನ 62 ಲಕ್ಷ ಯಾತಕ್ಕೆ? ಆ ವಿಮಾನಕ್ಕೆ ಮುಂದೆ ಯಾವ ಖರ್ಚು ಯಾವಾಗ ಬರಲಿದೆ ಎಂಬುದರಲ್ಲಿ ಇದಕ್ಕೆ ಉತ್ತರ ಇದೆ.

ಮೊದಲು ಎಂಜಿನ್. ಒಂದು ಟೇ ಎಂಜಿನ್‌ನ ಓವರ್‌ಹಾಲ್‌ಗೆ, ಅಂದರೆ ಪೂರ್ತಿ ಬಿಚ್ಚಿ ಸವೆದ ಭಾಗ ಬದಲಿಸಿ ಮತ್ತೆ ಜೋಡಿಸುವುದಕ್ಕೆ, 10 ಲಕ್ಷ ಡಾಲರ್ ದಾಟುತ್ತದೆ. ವಿಮಾನಕ್ಕೆ ಎರಡು ಎಂಜಿನ್. ಅಂದರೆ ಎರಡರ ಓವರ್‌ಹಾಲ್ ಹತ್ತಿರದಲ್ಲೇ ಇದ್ದರೆ ಆ ಖರ್ಚು ನಿಮ್ಮ 26 ಲಕ್ಷದ ವಿಮಾನದ ಬೆಲೆಗೇ ಬಂದು ನಿಲ್ಲಬಹುದು, ಮೀರಲೂಬಹುದು. ಆಗ ಯಾರೂ ಓವರ್‌ಹಾಲ್ ಮಾಡಿಸುವುದಿಲ್ಲ. ವಿಮಾನ ಬಿಚ್ಚಿ ಬಿಡಿಭಾಗ ಮಾರುತ್ತಾರೆ. ಹಳೇ ಜಿ-ಫೋರ್‌ಗಳಲ್ಲಿ ಎಷ್ಟೋ ಹೀಗೇ ಮುಗಿದಿವೆ, ಹಾರಲು ಏನೂ ತೊಂದರೆ ಇರದಿದ್ದರೂ.

ಆದ್ದರಿಂದ ಮಾರುವವರಿಗೆ ಹಾಕುವ ಮೊದಲ ಪ್ರಶ್ನೆ ಇದು: "ಎಂಜಿನ್ ಪ್ರೋಗ್ರಾಂನಲ್ಲಿದೆಯಾ?" ಪ್ರೋಗ್ರಾಂ ಅಂದರೆ ಓವರ್‌ಹಾಲ್ ಖರ್ಚಿಗೆ ಮುಂಚಿನಿಂದಲೇ ಕಂತು ಕಟ್ಟುವ ಯೋಜನೆ. ರೋಲ್ಸ್‌ರಾಯ್ಸ್‌ನವರ ಕಾರ್ಪೊರೇಟ್‌ಕೇರ್, ಜೆಎಸ್‌ಎಸ್‌ಐ ಕಂಪನಿಯದ್ದು, ಈ ತರದವು. ಒಂದು ರೀತಿ ಚೀಟಿ ಹಾಕಿದಂತೆ ಅಂದುಕೊಳ್ಳಿ. ಹಾರಿದ ಪ್ರತಿ ಗಂಟೆಗೆ ಇಷ್ಟು ಅಂತ ಕಟ್ಟುತ್ತಾ ಹೋಗಬೇಕು. ಓವರ್‌ಹಾಲ್ ಬಂದಾಗ ಒಪ್ಪಂದದ ಪ್ರಕಾರ ಖರ್ಚು ಅವರದ್ದು. ಕಂತು ಬಾಕಿ ಇಲ್ಲದೆ ಕಟ್ಟಿದ್ದಾರಾ, ಆ ಒಪ್ಪಂದ ಹೊಸ ಮಾಲೀಕರ ಹೆಸರಿಗೆ ಬರುತ್ತದಾ, ಇವೆರಡನ್ನೂ ಪ್ರೋಗ್ರಾಂ ನಡೆಸುವವರಿಂದಲೇ ಬರಹದಲ್ಲಿ ತರಿಸಿಕೊಳ್ಳಿ. ಬ್ರೋಕರ್ ಮಾತು ಸಾಲದು. ಪ್ರೋಗ್ರಾಂ ಇಲ್ಲದ 26 ಲಕ್ಷದ ವಿಮಾನ ಮತ್ತು ಪ್ರೋಗ್ರಾಂ ಇರುವ 26 ಲಕ್ಷದ ವಿಮಾನ, ಎರಡೂ ಬೇರೆ ಬೇರೆ ಸಾಮಾನು.

ಎರಡನೆಯದು, ನಿಮ್ಮ ಲಂಡನ್ ದಾರಿ. ಉತ್ತರ ಅಟ್ಲಾಂಟಿಕ್ ಮೇಲೆ 29,000 ಅಡಿಯಿಂದ 41,000 ಅಡಿವರೆಗೆ ಹಾರಬೇಕಾದರೆ ನೆಲದಿಂದ ವಿಮಾನ ಸಂಚಾರ ನೋಡಿಕೊಳ್ಳುವ ಕಂಟ್ರೋಲರ್ ಜೊತೆ ಅಕ್ಷರದಲ್ಲಿ ಸಂದೇಶ ಕಳಿಸಿ ಪಡೆಯುವ ಡೇಟಾಲಿಂಕ್ ಸಾಧನ ಇರಲೇಬೇಕು. ಜಿ-ಫೋರ್ ಬಂದ ಕಾಲಕ್ಕೆ ಇದು ಇರಲಿಲ್ಲ, ಆಮೇಲೆ ಹಾಕಿಸಬೇಕು. ಕೆಲವರು ಹಾಕಿಸಿದ್ದಾರೆ, ಕೆಲವರು ಇಲ್ಲ. ಅದಿಲ್ಲದಿದ್ದರೆ 29,000 ಅಡಿಗಿಂತ ಕೆಳಗೆ ಹೋಗಬೇಕು. ಅಲ್ಲಿ ಗಾಳಿ ದಪ್ಪ, ಇಂಧನ ಜಾಸ್ತಿ ಸುಡುತ್ತದೆ. 41,000ದ ಮೇಲೆ ಹೋಗೋಣ ಅಂದರೆ ತುಂಬಿದ ಟ್ಯಾಂಕ್ ಇಟ್ಟುಕೊಂಡು ಶುರುವಿನಲ್ಲೇ ಅಷ್ಟು ಏರಲು ಆಗುವುದಿಲ್ಲ. ಅಮೆರಿಕದೊಳಗೆ 2020ರ ಜನವರಿ 1ರಿಂದ ಕಡ್ಡಾಯವಾದ, ವಿಮಾನ ಎಲ್ಲಿದೆ ಎಂಬುದನ್ನು ತಾನೇ ಪ್ರಸಾರ ಮಾಡುವ ಎಡಿಎಸ್‌-ಬಿ ಹಾಕಿಸಿದ್ದಾರೆ ಅಂದಾಕ್ಷಣ ಅಟ್ಲಾಂಟಿಕ್‌ಗೂ ತಯಾರು ಅಂತಲ್ಲ. ಎರಡನ್ನೂ ಬೇರೆ ಬೇರೆ ಕೇಳಿ.

ಕಾಕ್‌ಪಿಟ್ಟಿನಲ್ಲೂ ಇದೇ ಕಥೆ. ಜಿ-ಫೋರ್‌ನಲ್ಲಿ ಮೊದಲು ಬಂದದ್ದು ಆರು ಪಿಕ್ಚರ್ ಟ್ಯೂಬ್ ಪರದೆಗಳು, ನಮ್ಮ ಹಳೇ ಟಿ.ವಿ. ತರದವು. ಒಂದು ಕೈಕೊಟ್ಟರೆ ಬದಲಿಯನ್ನು ಬಿಚ್ಚಿದ ವಿಮಾನಗಳಿಂದ ಹುಡುಕಬೇಕಾದ ಕಾಲ ಬಂದಿದೆ. ಎಲ್‌ಸಿಡಿಗೆ ಬದಲಾಯಿಸಿದ ವಿಮಾನವಾದರೆ ಈ ತಲೆನೋವು ಕಡಿಮೆ. ಜಿ450ಯಲ್ಲಿ ಮೊದಲಿಂದಲೇ ನಾಲ್ಕು ದೊಡ್ಡ ಎಲ್‌ಸಿಡಿ ಪರದೆ.

ಇನ್ನು ಆ ಹೊಸ ಸೀಟು, ಕಾರ್ಪೆಟ್ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಕೆಲವು ವರ್ಷದ ಹಿಂದೆ ಒಂದು ಹಳೇ ಜೆಟ್‌ನ ಖರೀದಿ ಪೂರ್ವ ತಪಾಸಣೆಗೆ ಕೊಳ್ಳುವವರ ಪರವಾಗಿ ಹೋಗಿದ್ದೆ. ಒಳಗೆ ಹೋದರೆ ಹೊಸ ಚರ್ಮದ ವಾಸನೆ. ಮರದ ಮೇಲೆ ಮುಖ ಕಾಣುವಷ್ಟು ಪಾಲಿಶ್. ಕೊಳ್ಳುವವರು ಖುಷಿಯಾಗಿದ್ದರು. ನಾವು ಗ್ಯಾಲಿ, ಅಂದರೆ ವಿಮಾನದ ಅಡುಗೆಕಟ್ಟೆ, ಎಬ್ಬಿಸಿ, ಅದರ ಕೆಳಗಿನ ನೆಲದ ಹಲಗೆ ತೆಗೆಸಿದೆವು. ಕೆಳಗಿನ ಅಲ್ಯೂಮಿನಿಯಂ ತೊಲೆಯ ಮೇಲೆ ಬಿಳೀ ಪುಡಿ, ಗೋಡೆಯಿಂದ ಉದುರಿದ ಸುಣ್ಣದ ತರ. ಪ್ಲಾಸ್ಟಿಕ್ ಕಡ್ಡಿಯಿಂದ ಮೆಲ್ಲಗೆ ಕೆರೆದರೆ ಲೋಹ ಚಿರೋಟಿಯ ಹಾಗೆ ಪದರ ಪದರವಾಗಿ ಎದ್ದು ಬಂತು. ಇಪ್ಪತ್ತು ವರ್ಷದ ಕಾಫಿ, ಜ್ಯೂಸ್, ಐಸ್ ಕರಗಿದ ನೀರು ಎಲ್ಲ ಸೋರಿ ಅಲ್ಲಿ ನಿಂತಿತ್ತು. ಹೊಸ ಕಾರ್ಪೆಟ್ ಹಾಕಿದವರು ಹಲಗೆ ಎತ್ತಿ ನೋಡಿರಲಿಲ್ಲ. ಆ ವ್ಯವಹಾರ ಅಲ್ಲಿಗೇ ನಿಂತಿತು. ಗ್ಯಾಲಿಯ ಕೆಳಗೆ ಮತ್ತು ಟಾಯ್ಲೆಟ್ಟಿನ ಕೆಳಗೆ, ಈ ಎರಡು ಜಾಗ ತೆರೆಸದೆ ಯಾವ ಹಳೇ ಜೆಟ್ಟನ್ನೂ ಕೊಳ್ಳಬೇಡಿ. ಜಿ450ಗೂ ಈ ಮಾತು ಅನ್ವಯಿಸುತ್ತದೆ. ಅದಕ್ಕೂ ಎಳೆ ವಯಸ್ಸೇನಲ್ಲ.

ತಪಾಸಣೆಯನ್ನು ಆ ವಿಮಾನವನ್ನು ಇದುವರೆಗೆ ನೋಡಿಕೊಂಡ ವರ್ಕ್‌ಶಾಪಿನಲ್ಲಿ ಮಾಡಿಸಬೇಡಿ. ತಮ್ಮ ಕೆಲಸದಲ್ಲೇ ತಪ್ಪು ಹುಡುಕುವುದು ಯಾರಿಗೂ ಕಷ್ಟ ಅಲ್ವಾ?

ವಿಮಾನದ ದಾಖಲೆ ಪುಸ್ತಕಗಳನ್ನೂ ಅಷ್ಟೇ ಗಮನವಿಟ್ಟು ನೋಡಿಸಿ. ಲ್ಯಾಂಡಿಂಗ್ ಗೇರ್, ಎಂಜಿನ್ ಡಿಸ್ಕ್ ತರದ ಆಯಸ್ಸು ನಿಗದಿಯಾದ ಭಾಗಗಳಿಗೆ ಹುಟ್ಟಿದಾಗಿನಿಂದ ಇವತ್ತಿನವರೆಗಿನ ದಾಖಲೆ ಬೇಕು. ನಡುವೆ ಒಂದು ಕಾಗದ ಕಳೆದಿದ್ದರೂ ಆ ಭಾಗ ಎಷ್ಟು ಚೆನ್ನಾಗಿದ್ದರೂ ಲೆಕ್ಕಕ್ಕಿಲ್ಲ, ಹೊಸದು ಹಾಕಿಸಬೇಕಾಗಬಹುದು. ನಾಲ್ಕೈದು ಕೈ ಬದಲಾದ ವಿಮಾನದಲ್ಲಿ ಕಾಗದ ಕಳೆಯುವುದು ಮಾಮೂಲು. ಸಾಲ, ಬಾಕಿ ಏನಾದರೂ ಇದೆಯಾ ಎಂದು ಒಕ್ಲಹೋಮಾ ಸಿಟಿಯಲ್ಲಿರುವ ಎಫ್‌ಎಎ (ಅಮೆರಿಕದ ವಿಮಾನಯಾನ ಇಲಾಖೆ) ನೋಂದಣಿ ಕಚೇರಿಯ ದಾಖಲೆಯಲ್ಲಿ ವಕೀಲರಿಂದ ನೋಡಿಸಿ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ಜಿ-ಫೋರ್ ಎಸ್‌ಪಿ ಕೆಟ್ಟ ವಿಮಾನ ಅಲ್ಲವೇ ಅಲ್ಲ. ಸರಿಯಾಗಿ ನೋಡಿಕೊಂಡರೆ ಹಳೇದು ಅಂದ ಮಾತ್ರಕ್ಕೆ ಅಪಾಯವೂ ಅಲ್ಲ. ಆದರೆ ಅದನ್ನು ಕೊಳ್ಳುವವರು ತಾವೇ ಅದರ ಕೊನೆಯ ಮಾಲೀಕರು ಅಂತ ಲೆಕ್ಕ ಹಾಕಬೇಕು. ವರ್ಷಕ್ಕೆ ನೂರು ಗಂಟೆಯ ಒಳಗೆ ಹಾರುವವರು, ಮೂರು ನಾಲ್ಕು ವರ್ಷ ಸಾಕು ಅನ್ನುವವರು, ಎಂಜಿನ್ನಿನಲ್ಲಿ ಉಳಿದ ಗಂಟೆಗಳನ್ನು ಹಾರಿ ಮುಗಿಸಿ ಕೊನೆಗೆ ಬಿಡಿಭಾಗಕ್ಕೆ ಕೊಡಲು ತಯಾರಿರುವವರು ಅದನ್ನು ಧೈರ್ಯವಾಗಿ ಕೊಳ್ಳಬಹುದು. ನೀವು ಹೇಳುವುದು 180 ಗಂಟೆ, ಏಳೆಂಟು ವರ್ಷ, ಜೊತೆಗೆ ಅಟ್ಲಾಂಟಿಕ್. ನಿಮಗೆ ಅದು ಹೊಂದುವುದಿಲ್ಲ. ಕೊನೆಗೆ ಮಾರುವ ಹೊತ್ತಿಗೆ ಅದಕ್ಕೆ 35 ವರ್ಷ ದಾಟಿರುತ್ತದೆ.

ಹಾಗಂತ ನೇರ ಜಿ450ಗೆ ಹೋಗಿ ಅಂತಲೂ ಹೇಳುವುದಿಲ್ಲ. ನ್ಯೂಜೆರ್ಸಿಯಿಂದ ಲಂಡನ್ ಸುಮಾರು 5,600 ಕಿ.ಮೀ. ಜಿ450 ಹಾರುವುದು 8,000 ಕಿ.ಮೀ. ಅಷ್ಟು ದೂರ ನಿಮಗೆ ಬೇಕಿಲ್ಲ. 2007ರಿಂದ ಬಂದ ಬೊಂಬಾರ್ಡಿಯರ್ ಚಾಲೆಂಜರ್ 605 ಒಮ್ಮೆ ಹೋಗಿ ನೋಡಿ. ಅದು 7,000 ಕಿ.ಮೀ. ದಾಟಿ ಹೋಗುತ್ತದೆ, ವಾಪಸ್ ಬರುವಾಗಿನ ಎದುರುಗಾಳಿಗೂ ಸಾಲುತ್ತದೆ. ಕ್ಯಾಬಿನ್ ಉದ್ದ ಕಡಿಮೆ, ಆದರೆ ಅಗಲ ಗಲ್ಫ್‌ಸ್ಟ್ರೀಮ್‌ಗಿಂತ ಜಾಸ್ತಿ, ಸುಮಾರು 2.49 ಮೀಟರ್. ಗಂಟೆಗೆ ಜಿ450 ಸುಮಾರು 450 ಗ್ಯಾಲನ್ ಕುಡಿದರೆ ಇದಕ್ಕೆ 300ರ ಆಸುಪಾಸು. 180 ಗಂಟೆಗೆ ವರ್ಷಕ್ಕೆ 27,000 ಗ್ಯಾಲನ್ ವ್ಯತ್ಯಾಸ. ಒಂದು ಎಚ್ಚರ: ಚಾಲೆಂಜರ್‌ಗೆ 96 ತಿಂಗಳಿಗೊಮ್ಮೆ ಬರುವ ದೊಡ್ಡ ತಪಾಸಣೆ ಇದೆ. ಅದನ್ನು ಈಚೆಗೆ ಮುಗಿಸಿರುವ ವಿಮಾನವನ್ನೇ ಹುಡುಕಿ. ಅದು ಹತ್ತಿರ ಬರುತ್ತಿದೆ ಅಂತಲೇ ಮಾರುವವರು ಇರುತ್ತಾರೆ.

ತೆರಿಗೆ ಉಳಿಯುತ್ತದೆ, ವರ್ಷದ ಕೊನೆಯೊಳಗೆ ಮುಗಿಸಿ ಅಂತ ಯಾರಾದರೂ ಅವಸರ ಮಾಡಿದರೆ ಸುಮ್ನೆ ಒಪ್ಪಬೇಡಿ. ಡಿಸೆಂಬರ್‌ನಲ್ಲಿ ಓಡೋಡಿ ಮಾಡಿಸಿದ ತಪಾಸಣೆಯಲ್ಲಿ ನೆಲದ ಹಲಗೆ ಎತ್ತುವುದಕ್ಕೆ ಸಮಯ ಸಿಗುವುದಿಲ್ಲ.

ಪ್ರಶ್ನೆ: ಅಮೆರಿಕದಲ್ಲಿ ಇಷ್ಟು ಅಗ್ಗಕ್ಕೆ ಸಿಗುವ 25 ವರ್ಷದ ಜೆಟ್ಟನ್ನು ಬೆಂಗಳೂರಿಗೆ ತಂದು ಎಚ್‌ಎಎಲ್ ವಿಮಾನ ನಿಲ್ದಾಣದಲ್ಲಿ ಇಟ್ಟುಕೊಳ್ಳಬಹುದಾ?

ಉತ್ತರ: ಆಗುವುದಿಲ್ಲ. ಹೊರದೇಶದಿಂದ ತರುವ ವಿಮಾನಕ್ಕೆ ಭಾರತದ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ವಯಸ್ಸಿನ ಮಿತಿ ಇಟ್ಟಿದೆ, 25 ವರ್ಷದ್ದು ಅದರೊಳಗೆ ಬರುವುದಿಲ್ಲ. 2009ರ ವಿಮಾನ ಕೂಡ ಈಗ ಆ ಮಿತಿಯ ಹತ್ತಿರ ಇದೆ. ಈ ನಿಯಮ ಆಗಾಗ ತಿದ್ದುಪಡಿ ಆಗುತ್ತಿರುತ್ತದೆ, ಹಾಗಾಗಿ ಕೊಳ್ಳುವ ತಿಂಗಳು ಜಾರಿಯಲ್ಲಿರುವ ನಿಯಮವನ್ನೇ ಓದಿ. ವಯಸ್ಸನ್ನು ವಿಮಾನ ತಯಾರಾದ ದಿನದಿಂದ ಎಣಿಸುತ್ತಾರೆ. ಮೊದಲ ಮಾಲೀಕರು ಕೊಂಡ ದಿನ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ತರುವುದು ಖಾಸಗಿ ಬಳಕೆಗಾ ಅಥವಾ ಪರವಾನಗಿ ಪಡೆದು ಬಾಡಿಗೆಗೆ ಬಿಡುವುದಕ್ಕಾ ಎಂಬುದರ ಮೇಲೆ ಸುಂಕವೂ ಬದಲಾಗುತ್ತದೆ, ಅದನ್ನೂ ಮೊದಲೇ ತೀರ್ಮಾನಿಸಿಕೊಳ್ಳಿ. ಈ ದರ್ಜೆಯ ಜೆಟ್‌ಗಳ ದೊಡ್ಡ ತಪಾಸಣೆಗೆ ಸಿಂಗಪುರ ಅಥವಾ ದುಬೈ ಕಡೆ ಕಳಿಸಬೇಕಾಗಿ ಬರಬಹುದು, ಆ ಖರ್ಚನ್ನೂ ಸೇರಿಸಿ. ಆಮದಿಗೆ ಒಪ್ಪಿಗೆ ಕೈಗೆ ಬರುವವರೆಗೆ, ವಾಪಸ್ ಸಿಗದ ಮುಂಗಡ ಒಂದು ರೂಪಾಯಿಯನ್ನೂ ಕೊಡಬೇಡಿ.