ಕಂಟ್ರಾಕ್ಟ್ ಕೆಲಸಕ್ಕೆ ಓಡಿಸೋ ಕಾರಿನ ಖರ್ಚನ್ನ ಟ್ಯಾಕ್ಸ್‌ನಲ್ಲಿ ತೋರಿಸ್ಬಹುದಾ?

ನೀವು ಕೇಳಿರೋದು ಇಷ್ಟು ಅಂತ ನಾನು ತಿಳ್ಕೊಂಡಿದೀನಿ: ಎಲೆಕ್ಟ್ರಿಕಲ್ ಕಂಟ್ರಾಕ್ಟ್ ಮಾಡ್ತೀರಿ, ಹೋದ ನವೆಂಬರ್‌ನಲ್ಲಿ ಸಾಲ ಮಾಡಿ ಒಂಬತ್ತು ಲಕ್ಷದ ಕಾರ್ ತಗೊಂಡಿದೀರಿ, ಸೈಟಿಗೂ ಅದೇ, ಮನೆಯವರನ್ನ ಕರ್ಕೊಂಡು ಊರಿಗೆ ಹೋಗಕ್ಕೂ ಅದೇ, ಈಗ ಸ್ನೇಹಿತರೊಬ್ರು ಪೆಟ್ರೋಲು, ಇಎಂಐ ಎಲ್ಲಾ ಖರ್ಚಿಗೆ ಬರ್ಕೊಳ್ಳಿ ಟ್ಯಾಕ್ಸೇ ಬರಲ್ಲ ಅಂದಿದ್ದಾರೆ, ಅದು ನಿಜಾನಾ ಅಂತ. ಅರ್ಧ ನಿಜ. ನಾನು ಮೈಸೂರಲ್ಲಿ ಪೇಂಟಿಂಗ್, ವಾಟರ್‌ಪ್ರೂಫಿಂಗ್ ಕಂಟ್ರಾಕ್ಟ್ ಮಾಡೋನು, ಆಡಿಟರ್ ಅಲ್ಲ, ಆದ್ರೆ ಇದೇ ವಿಷಯಕ್ಕೆ ದುಡ್ಡು ಕಟ್ಟಿ ಕಲ್ತಿದೀನಿ, ಹಾಗಾಗಿ ಸ್ವಲ್ಪ ಉದ್ದವಾಗೇ ಬರೀತೀನಿ.

ಮೊದಲು ನೋಡ್ಬೇಕಾದ್ದು ಕಾರನ್ನಲ್ಲ, ನೀವು ರಿಟರ್ನ್ ಯಾವ ದಾರೀಲಿ ಹಾಕ್ತಿದೀರಿ ಅನ್ನೋದನ್ನ. ನಮ್ಮಂಥ ಸಣ್ಣ ಕಂಟ್ರಾಕ್ಟರ್‌ಗಳಲ್ಲಿ ಬಹಳ ಜನ ಇನ್ಕಮ್ ಟ್ಯಾಕ್ಸ್ ಕಾಯ್ದೆಯ 44ಎಡಿ ಸೆಕ್ಷನ್ ಅಡಿಯಲ್ಲಿ ಐಟಿಆರ್-4 ಅನ್ನೋ ರಿಟರ್ನ್ ಫಾರ್ಮ್ ಹಾಕ್ತಾರೆ, ಅಂದ್ರೆ ವರ್ಷದ ಟರ್ನೋವರ್ 2 ಕೋಟಿ ಒಳಗಿದ್ರೆ (ಕ್ಯಾಶಲ್ಲಿ ಬಂದಿದ್ದು 5 ಪರ್ಸೆಂಟ್ ಒಳಗಿದ್ರೆ 3 ಕೋಟಿ ತನಕ) ಬ್ಯಾಂಕ್ ಮೂಲಕ ಬಂದಿದ್ದರಲ್ಲಿ ಕನಿಷ್ಠ 6 ಪರ್ಸೆಂಟ್, ಕ್ಯಾಶಲ್ಲಿ ಬಂದಿದ್ದರಲ್ಲಿ ಕನಿಷ್ಠ 8 ಪರ್ಸೆಂಟ್ ಲಾಭ ಅಂತ ತೋರಿಸೋದು, ನಿಜವಾಗ್ಲೂ ಅದಕ್ಕಿಂತ ಜಾಸ್ತಿ ಉಳಿದಿದ್ರೆ ಜಾಸ್ತೀನೇ ತೋರಿಸ್ಬೇಕು. ಈ ದಾರೀಲಿ ಹೋದ್ರೆ ಕಾರಿನ ಖರ್ಚಿನ ಮಾತೇ ಬರಲ್ಲ. ಆ 6 ಅಥವಾ 8 ಪರ್ಸೆಂಟ್ ಅನ್ನೋದು ಪೆಟ್ರೋಲು, ಲೇಬರು, ಮೆಟೀರಿಯಲ್ಲು, ಗಾಡಿ ಸವಕಳಿ ಎಲ್ಲಾ ಕಳೆದ ಮೇಲೆ ಉಳಿದಿದ್ದು ಅಂತಾನೇ ಕಾನೂನು ಲೆಕ್ಕ ಹಾಕತ್ತೆ, ಅದರ ಮೇಲೆ ಮತ್ತೆ ಕಾರ್ ಕಳೆಯಂಗಿಲ್ಲ. ನಿಮ್ಮ ಸ್ನೇಹಿತರಿಗೆ ಇದು ಗೊತ್ತಿದ್ದಂಗಿಲ್ಲ. ಒಂದು ಮಾತು, ಇಂಟೀರಿಯರ್ ಡೆಕೊರೇಶನ್ ಮಾಡೋರು ಇದನ್ನ ಓದ್ತಿದ್ರೆ, ನಿಮ್ಮದು ಪ್ರೊಫೆಷನ್ ಪಟ್ಟೀಲಿ ಬರತ್ತೆ, ಅದಕ್ಕೆ 44ಎಡಿಎ, ಅಲ್ಲಿ ಕನಿಷ್ಠ 50 ಪರ್ಸೆಂಟ್ ತೋರಿಸ್ಬೇಕು, ಅಲ್ಲೂ ಕಾರ್ ಖರ್ಚು ಬೇರೆ ಕಳೆಯಕ್ಕಾಗಲ್ಲ.

ಸರಿ ಹಾಗಾದ್ರೆ ಈ ವರ್ಷ ಕಾರ್ ಇದೆ, 44ಎಡಿ ಬಿಟ್ಟು, ನಿಜವಾದ ಆದಾಯ ಖರ್ಚಿನ ಲೆಕ್ಕ ಬರೆದು ಐಟಿಆರ್-3 ಫಾರ್ಮ್ ಹಾಕೋಣ ಅಂತ ಅನ್ಸತ್ತೆ, ನಂಗೂ ಅನ್ಸಿತ್ತು. ದಯವಿಟ್ಟು ಆತುರ ಪಡ್ಬೇಡಿ. ಒಂದ್ಸಲ 44ಎಡಿಗೆ ಹೋಗಿ, ಮುಂದಿನ ಐದು ವರ್ಷದೊಳಗೆ ಅದಕ್ಕಿಂತ ಕಡಿಮೆ ಲಾಭ ತೋರಿಸಿ ಆಚೆ ಬಂದ್ರೆ ಆಮೇಲೆ ಐದು ವರ್ಷ ವಾಪಸ್ ಹೋಗಕ್ಕಾಗಲ್ಲ, ಆ ವರ್ಷಗಳಲ್ಲಿ ಆದಾಯ ಬೇಸಿಕ್ ಲಿಮಿಟ್ (ಟ್ಯಾಕ್ಸ್ ಶುರುವಾಗೋ ಮಿತಿ) ದಾಟಿದ್ರೆ ಲೆಕ್ಕಪುಸ್ತಕ ಇಡ್ಬೇಕು, ಆಡಿಟೂ ಮಾಡಿಸ್ಬೇಕು. ಒಂದು ಕಾರಿಂದ ಉಳಿಯೋದು ಆಡಿಟ್ ಫೀಸಿಗೇ ಹೋಗ್ಬಹುದು. ಇನ್ನೊಂದು ನೋಡಿ, 2025-26ರ ಆದಾಯಕ್ಕೆ ಹೊಸ ಟ್ಯಾಕ್ಸ್ ಪದ್ಧತೀಲಿ, ಅಂದ್ರೆ ಹೊಸ ರಿಜೀಮಲ್ಲಿ, 12 ಲಕ್ಷದ ತನಕ ರಿಬೇಟ್ (ಟ್ಯಾಕ್ಸಲ್ಲಿ ರಿಯಾಯ್ತಿ) ಸಿಕ್ಕಿ ಟ್ಯಾಕ್ಸೇ ಸೊನ್ನೆ (ಶೇರು, ಸೈಟು ಮಾರಿದ ಲಾಭದ ಲೆಕ್ಕ ಬೇರೆ). ನಿಮ್ಮ ಲಾಭ ಏಳೆಂಟು ಲಕ್ಷದ ಹತ್ರ ಇದ್ರೆ ಕಾರ್ ಖರ್ಚು ತೋರಿಸಿದ್ರೂ ತೋರಿಸದೇ ಇದ್ರೂ ಕಟ್ಟೋದು ಅಷ್ಟೇ.

ಹೊಸ ರಿಜೀಮಲ್ಲಿ ಯಾವ ಡಿಡಕ್ಷನ್ನೂ ಇಲ್ಲ, ಹಂಗಾಗಿ ಕಾರ್ ಖರ್ಚೂ ಇಲ್ಲ ಅಂತ ಹೇಳೋರು ಸಿಗ್ತಾರೆ. ಅದು ತಪ್ಪು. ಹೋಗಿರೋದು ಎಲ್‌ಐಸಿ, ಪಿಪಿಎಫ್ ತರದ್ದು, ವ್ಯಾಪಾರದ ಖರ್ಚಲ್ಲ, ಎರಡೂ ರಿಜೀಮಲ್ಲಿ ಪೆಟ್ರೋಲು, ಸವಕಳಿ ಕಳೀಬಹುದು.

ಈಗ ನೀವು ನಿಜವಾಗ್ಲೂ ಲೆಕ್ಕ ಬರೆದು ಐಟಿಆರ್-3 ಹಾಕೋರು ಅಂತಾನೇ ಇಟ್ಕೊಳ್ಳೋಣ. ಅಮೆರಿಕದಲ್ಲಿ ಮೈಲಿಗೆ ಇಷ್ಟು ಅಂತ ಒಂದು ರೇಟ್ ಇದೆಯಂತೆ, ಇಲ್ಲೂ ಕಿಲೋಮೀಟರ್‌ಗೆ ಇಷ್ಟು ಅಂತ ಹಾಕ್ಬಹುದಾ ಅಂತ ಕೆಲವರು ಕೇಳ್ತಾರೆ, ನಮ್ಮಲ್ಲಿ ಸ್ವಂತ ಉದ್ಯೋಗದವರಿಗೆ ಅಂಥದ್ದಿಲ್ಲ, ನಿಜವಾಗಿ ಆದ ಖರ್ಚೇ ಲೆಕ್ಕ. ಪೆಟ್ರೋಲು, ಸರ್ವೀಸು, ಟೈರು, ಇನ್ಶೂರೆನ್ಸು, ಫಾಸ್ಟ್‌ಟ್ಯಾಗ್, ಡ್ರೈವರ್ ಇದ್ರೆ ಸಂಬಳ, ಇವೆಲ್ಲಾ ಬರತ್ತೆ. ಇಎಂಐ ಪೂರ್ತಿ ಬರಲ್ಲ, ಅದರಲ್ಲಿರೋ ಬಡ್ಡಿ ಮಾತ್ರ, ಬ್ಯಾಂಕಿನವರನ್ನ ಕೇಳಿದ್ರೆ ಇಂಟರೆಸ್ಟ್ ಸರ್ಟಿಫಿಕೇಟ್ ಕೊಡ್ತಾರೆ. ಅಸಲು ಖರ್ಚಲ್ಲ, ಯಾಕಂದ್ರೆ ಕಾರಿನ ಬೆಲೇನ ನೀವು ಸವಕಳಿ ರೂಪದಲ್ಲಿ ವರ್ಷ ವರ್ಷ ತಗೋತೀರಿ. ಸವಕಳಿ ರೇಟು 15 ಪರ್ಸೆಂಟ್, ಪ್ರತಿ ವರ್ಷ ಉಳಿದ ಬೆಲೆ ಮೇಲೆ. 30 ಪರ್ಸೆಂಟ್ ಅಂತ ಯಾರಾದ್ರೂ ಹೇಳಿದ್ರೆ ಅದು ಬಾಡಿಗೆಗೆ ಓಡೋ ಯೆಲ್ಲೋ ಬೋರ್ಡ್ ಟ್ಯಾಕ್ಸಿ, ಲಾರಿಗೆ, ನಮ್ಮ ವೈಟ್ ಬೋರ್ಡಿಗಲ್ಲ. ನೀವು ನವೆಂಬರಲ್ಲಿ ತಗೊಂಡಿದ್ರಿಂದ ಮಾರ್ಚ್ 31ರೊಳಗೆ 180 ದಿನ ಓಡಿಲ್ಲ, ಹಾಗಾಗಿ ಮೊದಲ ವರ್ಷ ಅರ್ಧ, ಏಳೂವರೆ ಪರ್ಸೆಂಟ್ ಮಾತ್ರ. ಆರ್‌ಸಿ ನಿಮ್ಮ ಹೆಸರಲ್ಲಿದೆ ಅಂದ್ಕೊಂಡು ಹೇಳ್ತಿದೀನಿ, ಅಪ್ಪನ ಹೆಸರಲ್ಲೋ ಹೆಂಡತಿ ಹೆಸರಲ್ಲೋ ಇದ್ರೆ ಸವಕಳಿ ಕೇಳೋದು ಕಷ್ಟ, ಸೈಟಿಗೆ ಓಡಿಸಿದ ಪೆಟ್ರೋಲು ಆದ್ರೂ ಬರತ್ತೆ.

ಇದೆಲ್ಲದಕ್ಕೂ ಮೇಲೆ 38(2)ನೇ ಸೆಕ್ಷನ್ ಒಂದಿದೆ, ಗಾಡಿ ಪೂರ್ತಿ ಕೆಲಸಕ್ಕೇ ಅಲ್ಲ ಅಂದ್ರೆ ಕೆಲಸಕ್ಕೆ ಓಡಿಸಿದ ಪಾಲಷ್ಟೇ ಕಳೀಬಹುದು. ಒಂದು ಲೆಕ್ಕ ಹಾಕಿ ತೋರಿಸ್ತೀನಿ. ನವೆಂಬರಿಂದ ಮಾರ್ಚ್ ತನಕ ಪೆಟ್ರೋಲ್ 60,000, ಇನ್ಶೂರೆನ್ಸ್ 32,000, ಸಾಲದ ಬಡ್ಡಿ 28,000, ಟೋಲ್ 5,000, ಸರ್ವೀಸ್ 5,000, ಒಟ್ಟು 1,30,000. ನಿಮ್ಮ ಓಡಾಟದಲ್ಲಿ 70 ಪರ್ಸೆಂಟ್ ಸೈಟಿಂದು ಅಂದ್ರೆ 91,000. ಒಂಬತ್ತು ಲಕ್ಷಕ್ಕೆ ಏಳೂವರೆ ಪರ್ಸೆಂಟ್ ಸವಕಳಿ 67,500, ಅದರ 70 ಪರ್ಸೆಂಟ್ 47,250. ಎರಡೂ ಸೇರಿ 1,38,250. ಇಷ್ಟು ದುಡ್ಡು ಕೈಗೆ ವಾಪಸ್ ಬರತ್ತೆ ಅಂತ ಅಂದ್ಕೋಬೇಡಿ, ಇದು ಲಾಭದಿಂದ ಕಳೆಯೋದು, ನಿಮ್ಮ ಆದಾಯ 15 ಪರ್ಸೆಂಟ್ ಸ್ಲ್ಯಾಬಲ್ಲಿದ್ರೆ ಸೆಸ್ ಸೇರಿ ಉಳಿಯೋದು ಇಪ್ಪತ್ತೊಂದೂವರೆ ಸಾವಿರದಷ್ಟು. ಕಮ್ಮಿ ಏನಲ್ಲ, ಆದ್ರೆ ಟ್ಯಾಕ್ಸ್ ಉಳಿಸ್ಬೇಕು ಅಂತ ಕಾರ್ ತಗೊಳ್ಳೋರು ಈ ಲೆಕ್ಕ ಮೊದಲೇ ನೋಡ್ಬೇಕು.

ಆ 70 ಪರ್ಸೆಂಟ್ ಎಲ್ಲಿಂದ ಬಂತು ಅನ್ನೋದೇ ಮುಖ್ಯ, ನಾನು ಪೆಟ್ಟು ತಿಂದಿದ್ದೂ ಅಲ್ಲೇ. ಕೆಲವು ವರ್ಷದ ಹಿಂದೆ ನಾನು ಪೂರ್ತಿ ನೂರಕ್ಕೆ ನೂರು ಕಾರ್ ಖರ್ಚು ಬರೆಸಿದ್ದೆ, ಆಗಿನ ಆಡಿಟರೂ ಏನೂ ಕೇಳ್ಲಿಲ್ಲ, ಆಮೇಲೆ ಟ್ಯಾಕ್ಸ್ ಇಲಾಖೆಯಿಂದ ಸ್ಕ್ರೂಟಿನಿ (ರಿಟರ್ನ್ ಪರಿಶೀಲನೆ) ನೋಟಿಸ್ ಬಂತು, ಗಾಡಿ ಖರ್ಚಿನ ವಿವರ ಕೊಡಿ ಅಂದ್ರು. ನನ್ನ ಹತ್ರ ಒಂದು ಸ್ವೀಟ್ ಬಾಕ್ಸ್ ತುಂಬ ಪೆಟ್ರೋಲ್ ಬಂಕ್ ಬಿಲ್ಲಿತ್ತು, ಧೈರ್ಯವಾಗಿ ತೆಗೆದು ನೋಡಿದ್ರೆ ಅರ್ಧಕ್ಕರ್ಧ ಬಿಳಿ ಚೀಟಿ, ಆ ಕಾಗದದ ಮೇಲಿನ ಅಕ್ಷರ ಬಿಸಿಲು ಶಾಖಕ್ಕೆ ಅಳಿಸಿಹೋಗತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ. ಯಾವ ದಿನ ಯಾವ ಸೈಟಿಗೆ ಹೋದೆ ಅಂತ ಒಂದು ಸಾಲೂ ಬರೆದಿಟ್ಟಿರ್ಲಿಲ್ಲ. ಸ್ವಂತಕ್ಕೂ ಓಡಿಸಿದೀರಿ ಅಂತ ಐದರಲ್ಲಿ ಒಂದು ಭಾಗ ಕಿತ್ತುಹಾಕಿ ಅದಕ್ಕೆ ಟ್ಯಾಕ್ಸು, ಬಡ್ಡಿ ಹಾಕಿದ್ರು. ಕೊಡೋಕೆ ಉತ್ತರ ಇಲ್ದೆ ಸುಮ್ನೆ ಕಟ್ಟಿದೆ, ಇವತ್ತಿಗೂ ನೆನೆಸ್ಕೊಂಡ್ರೆ ಹೊಟ್ಟೆ ಉರಿಯತ್ತೆ, ಯಾಕಂದ್ರೆ ನಾನು ಸುಳ್ಳು ಬರೆಸಿರ್ಲಿಲ್ಲ, ಆ ವರ್ಷ ಕಾರ್ ಓಡಿದ್ದೆಲ್ಲಾ ಹೆಚ್ಚುಕಮ್ಮಿ ನಂಜನಗೂಡು, ಕಡಕೊಳ, ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾ ಸೈಟ್‌ಗಳಿಗೇ.

ಅದಕ್ಕೇ ಹೇಳ್ತೀನಿ, ಡ್ಯಾಶ್‌ಬೋರ್ಡಲ್ಲಿ ಒಂದು ನಲವತ್ತು ಪುಟದ ನೋಟ್‌ಬುಕ್ ಇಟ್ಕೊಳ್ಳಿ. ತಾರೀಖು, ಎಲ್ಲಿಂದ ಎಲ್ಲಿಗೆ, ಯಾವ ಪಾರ್ಟಿ ಕೆಲಸ, ಮೀಟರ್ ಶುರು, ಮೀಟರ್ ಕೊನೆ, ಅಷ್ಟೇ. ಊರಿಗೆ, ಮದುವೆಗೆ ಹೋದ ದಿನಾನೂ ಬರೀರಿ, ಸ್ವಂತದ್ದೂ ಬರೆದಿರೋ ಪುಸ್ತಕಾನ ಎದುರಿಗಿರೋರು ನಂಬ್ತಾರೆ. ಏಪ್ರಿಲ್ 1ಕ್ಕೂ ಮಾರ್ಚ್ 31ಕ್ಕೂ ಮೀಟರ್ ಫೋಟೋ ತೆಗೆದಿಡಿ. ಪೆಟ್ರೋಲ್ ಬಿಲ್ಲನ್ನ ಅವತ್ತೇ ಫೋನಲ್ಲಿ ಫೋಟೋ ತೆಗೆದು ತಿಂಗಳಿಗೊಂದು ಫೋಲ್ಡರಲ್ಲಿ ಹಾಕಿ, ದುಡ್ಡು ಯುಪಿಐನಲ್ಲೇ ಕೊಡಿ. ಫಾಸ್ಟ್‌ಟ್ಯಾಗ್ ಸ್ಟೇಟ್‌ಮೆಂಟ್ ಇದಕ್ಕೆ ಒಳ್ಳೇ ಸಾಕ್ಷಿ, ಗಣಂಗೂರು ಟೋಲ್ ಇಷ್ಟು ಗಂಟೆಗೆ ದಾಟಿದ್ದು ಅಲ್ಲಿರತ್ತೆ, ಅದೇ ದಿನ ಬೆಂಗಳೂರು ಸೈಟಿನ ಬಿಲ್ಲೂ ಇದ್ರೆ ಬೇರೆ ಏನೂ ವಿವರಿಸಬೇಕಾಗೇ ಇಲ್ಲ.

ಕ್ಯಾಶ್ ವಿಷಯದಲ್ಲಿ ಹುಷಾರು. ಒಬ್ಬರಿಗೆ ಒಂದೇ ದಿನ 10,000 ದಾಟಿ ಕ್ಯಾಶ್ ಕೊಟ್ರೆ ಆ ಖರ್ಚು ಪೂರ್ತಿ ಹೋಗತ್ತೆ, ಹತ್ತರ ಮೇಲಿನದ್ದಷ್ಟೇ ಅಲ್ಲ. ಗ್ಯಾರೇಜಲ್ಲಿ 14,000 ಬಿಲ್ಲಾಗಿ ನೋಟು ಎಣಿಸಿ ಕೊಟ್ರೆ 14,000ವೂ ಲೆಕ್ಕಕ್ಕಿಲ್ಲ. ಶೋರೂಮಿಗೆ ಕಾರಿನ ಡೌನ್ ಪೇಮೆಂಟ್ ಹಂಗೆ ಕ್ಯಾಶಲ್ಲಿ ಕೊಟ್ಟಿದ್ರೆ ಅಷ್ಟು ಭಾಗಕ್ಕೆ ಸವಕಳಿ ಸಿಗಲ್ಲ. ಸಿಗ್ನಲ್ ಜಂಪ್, ಓವರ್ ಸ್ಪೀಡ್ ದಂಡ ಸೈಟಿಗೆ ಹೋಗುವಾಗ್ಲೇ ಬಿದ್ದಿದ್ರೂ ಖರ್ಚಿಗೆ ಬರಲ್ಲ.

ಜಿಎಸ್‌ಟಿ ಇದ್ರೆ ಇದೂ ತಿಳ್ಕೊಳ್ಳಿ, ನಮ್ಮಂಥೋರು ತಗೊಳ್ಳೋ ಕಾರಿನ ಜಿಎಸ್‌ಟಿಗೆ ಇನ್‌ಪುಟ್ (ಕೊಟ್ಟ ಜಿಎಸ್‌ಟಿನ ನಾವು ಕಟ್ಟೋ ಜಿಎಸ್‌ಟಿಯಲ್ಲಿ ಕಳೆಯೋದು) ಸಿಗಲ್ಲ, ಅದರ ಸರ್ವೀಸು, ಇನ್ಶೂರೆನ್ಸಿಗೂ ಇಲ್ಲ, ಪೆಟ್ರೋಲು ಡೀಸೆಲ್ಲು ಜಿಎಸ್‌ಟಿ ಒಳಗೇ ಇಲ್ಲ. ಅದೇ ಮೆಟೀರಿಯಲ್ ಸಾಗಿಸೋಕೆ ಟಾಟಾ ಏಸ್ ತರದ ಗೂಡ್ಸ್ ಗಾಡಿ ತಗೊಂಡ್ರೆ ಇನ್‌ಪುಟ್ ಸಿಗತ್ತೆ, ಬಿಲ್ಲಲ್ಲಿ ನಿಮ್ಮ ಜಿಎಸ್‌ಟಿ ನಂಬರ್ ಇರ್ಬೇಕು, ಇನ್‌ಪುಟ್ ತಗೊಂಡಷ್ಟು ದುಡ್ಡಿಗೆ ಮತ್ತೆ ಸವಕಳಿ ಹಾಕಂಗಿಲ್ಲ. ಕೇಬಲ್ ಡ್ರಮ್ಮು, ಪೈಪು ಹೊರೋ ಎಲೆಕ್ಟ್ರಿಕಲ್ ಕೆಲಸಕ್ಕೆ ನನ್ನ ಕೇಳಿದ್ರೆ ಅದೇ ಮೇಲಿತ್ತು, ಆಗಿದ್ದಾಯ್ತು ಬಿಡಿ.

ನಾನು ಹೇಳಿರೋ ಸೆಕ್ಷನ್ ನಂಬರೆಲ್ಲಾ 1961ರ ಕಾಯ್ದೇದು, 2025-26ರ ರಿಟರ್ನಿಗೆ ಅದೇ ನಡಿಯತ್ತೆ. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಬಂದಿದೆ, ನಂಬರ್‌ಗಳು ಬದಲಾಗಿವೆ, ಮುಂದಿನ ವರ್ಷ ಆಡಿಟರ್ ಬೇರೆ ನಂಬರ್ ಹೇಳಿದ್ರೆ ಗಾಬರಿ ಆಗ್ಬೇಡಿ.

ಹಿಂದಿನ ವರ್ಷ ಹಾಕಿದ್ದು ಐಟಿಆರ್-3ಆ 4ಆ, ಟರ್ನೋವರ್ ಎಷ್ಟು, ಆರ್‌ಸಿ ಯಾರ ಹೆಸರಲ್ಲಿದೆ, ಈ ಮೂರನ್ನ ಇಲ್ಲೇ ಕೆಳಗೆ ಬರೀರಿ, 44ಎಡಿ ಬಿಡೋದು ನಿಮಗೆ ಲಾಭಾನಾ ನಷ್ಟಾನಾ ಅಂತ ಒಟ್ಟಿಗೆ ಕೂಡಿ ಕಳೆದು ನೋಡೋಣ, ಅಲ್ಲಿ ತನಕ ಆ ನೋಟ್‌ಬುಕ್ ಮಾತ್ರ ಇವತ್ತೇ ಶುರು ಮಾಡಿ.