ಪೊರೆ ತೂತಾಗದೆ ಎಲ್‌ಡಿಎಲ್ ಒಳಗೆ ಹೋಗೋದು ಹೇಗೆ?

ಪ್ರಶ್ನೆ: ಜೀವಕೋಶದ ಪೊರೆ ದಾಟಿ ಸಣ್ಣ ಅಣುಗಳು ಮಾತ್ರ ಹೋಗ್ತವೆ ಅಂತ ಓದಿದೀನಿ. ಹಾಗಾದ್ರೆ ರಕ್ತದಲ್ಲಿ ಕೊಲೆಸ್ಟ್ರಾಲ್ ಹೊತ್ತು ತಿರುಗೋ ಎಲ್‌ಡಿಎಲ್ ಥರದ ದೊಡ್ಡ ಕಣ ಒಳಗೆ ಹೋಗೋದು ಹೇಗೆ? ಪೊರೆಯಲ್ಲಿದ್ದು ಅದನ್ನ ಹಿಡಿಯೋ ಪ್ರೋಟೀನ್, ಅಂದ್ರೆ ರಿಸೆಪ್ಟರ್‌ಗೆ ಅಂಟಿಕೊಂಡ್ರೆ ಸಾಕಾ? ಪೊರೆ ತೂತಾಗಲ್ವಾ?

ಉತ್ತರ: ತೂತಾಗಲ್ಲ, ಆದ್ರೆ ಬರೀ ಅಂಟಿಕೊಂಡ್ರೆ ಸಾಕಾಗೋದೂ ಇಲ್ಲ. ಎಲ್‌ಡಿಎಲ್ ಕಣ ಸುಮಾರು 22 ನ್ಯಾನೋಮೀಟರ್ ಅಗಲ, ಅಷ್ಟು ದೊಡ್ಡದನ್ನ ಬಿಡೋ ದಾರಿ ಪೊರೆಯಲ್ಲಿಲ್ಲ, ಅದಕ್ಕೇ ಜೀವಕೋಶ ಏನ್ಮಾಡುತ್ತೆ ಅಂದ್ರೆ ಪೊರೆಯನ್ನೇ ಒಳಕ್ಕೆ ಗುಳಿ ಬೀಳಿಸಿ, ಕಣದ ಸಮೇತ ಚಿಕ್ಕ ಚೀಲ ಮಾಡಿ ಎಳ್ಕೊಳ್ಳುತ್ತೆ. ಈ ಗುಳಿಗೆ ಕೋಶದ ಒಳಗಡೆಯಿಂದ ಕ್ಲಾಥ್ರಿನ್ ಅನ್ನೋ ಪ್ರೋಟೀನಿನ ಹೊದಿಕೆ ಇರುತ್ತೆ. ಒಂದೊಂದು ಘಟಕಕ್ಕೂ ಬಾಗಿದ ಮೂರು ಕಾಲು, ಅವು ಒಂದಕ್ಕೊಂದು ಹೆಣ್ಕೊಂಡು ಐದು ಮೂಲೆ ಆರು ಮೂಲೆ ಕಣ್ಣುಗಳಿರೋ ಬುಟ್ಟಿ ಆಗುತ್ತೆ, ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಚಿತ್ರ ನೋಡಿ, ಯಾರೋ ಕೂತು ಹೆಣೆದ ಹಾಗೇ ಇದೆ! ಆಮೇಲೆ ಗುಳಿಯ ಕುತ್ತಿಗೆಗೆ ಡೈನಮಿನ್ ಅನ್ನೋ ಇನ್ನೊಂದು ಪ್ರೋಟೀನ್ ಸುತ್ಕೊಂಡು ಬಿಗಿದು ಕಡಿಯುತ್ತೆ, ಕಡಿದ ಕಡೆ ಪೊರೆ ತಾನೇ ಕೂಡ್ಕೊಳ್ಳುತ್ತೆ. ಹಣ್ಣಿನ ನೊಣದಲ್ಲಿ ಒಂದು ತಳಿ ಇದೆ, ಬಿಸಿ ಏರಿದ್ರೆ ಅದರ ಡೈನಮಿನ್ ಕೆಲ್ಸ ನಿಲ್ಲಿಸುತ್ತೆ, ನರದ ತುದೀಲಿ ಗುಳಿಗಳು ಕಡಿಯದೆ ಹಾಗೇ ನಿಂತು ನೊಣ ಲಕ್ವಾ ಹೊಡೆದಂಗೆ ಬೀಳುತ್ತೆ, ತಣ್ಣಗಾದ್ರೆ ಎದ್ದು ಓಡಾಡುತ್ತೆ.

ಇನ್ನು ಅಂಟಿಕೊಂಡ್ರೆ ಸಾಕಾ ಅನ್ನೋದು, ನನಗೆ ಇಡೀ ಪ್ರಶ್ನೇಲಿ ಇಷ್ಟವಾದ ಭಾಗ ಇದೇ. ಮೈಕಲ್ ಬ್ರೌನ್, ಜೋಸೆಫ್ ಗೋಲ್ಡ್‌ಸ್ಟೀನ್ ಅಂತ ಇಬ್ರು, 1985ರಲ್ಲಿ ನೊಬೆಲ್ ಬಂದವರು, ವಂಶಪಾರಂಪರ್ಯವಾಗಿ ಕೊಲೆಸ್ಟ್ರಾಲ್ ವಿಪರೀತ ಏರಿರೋ ರೋಗಿಗಳ ಕೋಶಗಳನ್ನ ನೋಡ್ತಿದ್ರು. ಬಹಳಷ್ಟು ಜನರಲ್ಲಿ ರಿಸೆಪ್ಟರೇ ಸರಿಯಿರಲಿಲ್ಲ, ಎಲ್‌ಡಿಎಲ್ ಅಂಟ್ತಾನೇ ಇರ್ಲಿಲ್ಲ. ಆದ್ರೆ ಒಬ್ಬ ರೋಗಿಯ ಕೋಶದಲ್ಲಿ ಚೆನ್ನಾಗೇ ಅಂಟ್ತಿತ್ತು, ಒಳಗೆ ಮಾತ್ರ ಹೋಗ್ತಿರ್ಲಿಲ್ಲ. ಕಾರಣ ರಿಸೆಪ್ಟರಿನ ಬಾಲ: ಕೋಶದ ಒಳಗಿರೋ ಆ ತುದೀಲಿ ಟೈರೋಸಿನ್ ಅನ್ನೋ ಅಮೈನೋ ಆಮ್ಲ ಇರಬೇಕಾದ ಒಂದೇ ಒಂದು ಜಾಗದಲ್ಲಿ ಸಿಸ್ಟೀನ್ ಅನ್ನೋ ಬೇರೆ ಅಮೈನೋ ಆಮ್ಲ ಬಂದಿತ್ತು, ಅಷ್ಟಕ್ಕೇ ರಿಸೆಪ್ಟರ್‌ಗಳು ಗುಳಿಗಳಲ್ಲಿ ಸೇರದೆ ಮೇಲ್ಮೈ ತುಂಬ ಚೆದುರಿದ್ವು. ಅಂದ್ರೆ ಹೊರಗಡೆ ಹಿಡಿಯೋದು ಒಂದು ಕೆಲ್ಸ, ಒಳಗಡೆಯಿಂದ ಅಡಾಪ್ಟರ್ ಪ್ರೋಟೀನ್ ಆ ಬಾಲ ಹಿಡಿದು ಗುಳಿಗೆ ಸೇರಿಸೋದು ಬೇರೆ ಕೆಲ್ಸ, ಎರಡೂ ಆಗ್ಲೇಬೇಕು.

ಒಳಗೆ ಹೋದ್ಮೇಲೆ ಹೊದಿಕೆ ಬೇಗ ಕಳಚುತ್ತೆ, ಚೀಲ ಹೋಗಿ ಎಂಡೋಸೋಮ್, ಅಂದ್ರೆ ಒಳಗೆ ಬಂದದ್ದನ್ನ ವಿಂಗಡಿಸೋ ದೊಡ್ಡ ಚೀಲ, ಸೇರುತ್ತೆ, ಅಲ್ಲಿನ ಆಮ್ಲೀಯತೆಗೆ ರಿಸೆಪ್ಟರ್ ಹಿಡಿತ ಬಿಡುತ್ತೆ. ಎಲ್‌ಡಿಎಲ್ ಕೋಶದ ಜೀರ್ಣಚೀಲವಾದ ಲೈಸೋಸೋಮ್‌ಗೆ ಹೋಗಿ ಒಡೆದು ಕೊಲೆಸ್ಟ್ರಾಲ್ ಕೊಡುತ್ತೆ, ರಿಸೆಪ್ಟರ್ ಸುಮಾರು 10 ನಿಮಿಷದಲ್ಲಿ ವಾಪಸ್ ಮೇಲ್ಮೈಗೆ ಬಂದಿರುತ್ತೆ.