ಪಿಸ್ತೂಲ್ ರೀಲೋಡಿಂಗ್‌ಗೆ ಹೊಸ ಹಿತ್ತಾಳೆ ಕೇಸೇ ಬೇಕಾ?

9 ಎಂಎಂ ತೋಟಾ ರೀಲೋಡ್ ಮಾಡೋಕೆ, ಅಂದರೆ ಖಾಲಿ ಕೇಸಿಗೆ (ತೋಟಾದ ಹಿತ್ತಾಳೆ ಕೊಳವೆಗೆ) ಮತ್ತೆ ಮದ್ದು, ಗುಂಡು ತುಂಬೋಕೆ, ದುಬಾರಿ ಹೊಸ ಕೇಸ್ ತಗೊಳ್ಳಬೇಕಾ, ಶೂಟಿಂಗ್ ರೇಂಜಲ್ಲಿ ಆಯ್ದ ಹಳೇ ಕೇಸ್ ಸಾಕಾ ಅಂತ ಕೇಳಿದ್ದೀರಿ. ಇದಕ್ಕೆ ಬೇಕಾದ ಪರವಾನಗಿ ನಿಮ್ಮ ಹತ್ತಿರ ಇದೆ ಅಂದುಕೊಂಡು ಹೇಳ್ತೀನಿ: ಹಳೇದು ಧಾರಾಳವಾಗಿ ಸಾಕು. ನಾನು ಹೊಸದು ಕೊಂಡು ವರ್ಷಗಳಾದವು. ಆದರೆ ಆಯ್ದು ತಂದಿದ್ದರಲ್ಲಿ ಎಸೆಯೋದೂ ಇರುತ್ತೆ, ಅದಕ್ಕೆ ಮನಸ್ಸು ಗಟ್ಟಿ ಮಾಡ್ಕೊಳ್ಳಿ.

ಮೊದಲು ಅಯಸ್ಕಾಂತ ಆಡಿಸಿ. ಹಿತ್ತಾಳೆ ಲೇಪದ ಉಕ್ಕಿನ ಕೇಸ್ ಕಣ್ಣಿಗೆ ಗೊತ್ತಾಗಲ್ಲ, ಅಯಸ್ಕಾಂತಕ್ಕೆ ಅಂಟುತ್ತೆ. ಆಮೇಲೆ ಬಾಯಿಯೊಳಗೆ ಟಾರ್ಚ್ ಬಿಡಿ. ತಳದ ನಡುವೆ ಒಂದೇ ತೂತಿದ್ದರೆ ಬಾಕ್ಸರ್ ಮಾದರಿ, ಅದು ನಮಗೆ ಬೇಕಾದ್ದು. ಪಕ್ಕಪಕ್ಕ ಎರಡು ಸಣ್ಣ ತೂತಿದ್ದರೆ ಬರ್ಡನ್ ಮಾದರಿ, ಹಳೇ ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸೋ ತಳದ ಪುಟ್ಟ ಬಟ್ಟಲು) ತಳ್ಳೋ ಪಿನ್ನು ಮುರಿಯುತ್ತೆ. ನಾನು ಮೊದಲ ವಾರದಲ್ಲೇ ಒಂದು ಮುರಿದುಕೊಂಡೆ. ಕೆಲವು 9 ಎಂಎಂ ಕೇಸ್‌ಗಳ ಒಳಗೋಡೆಯಲ್ಲಿ ಮೆಟ್ಟಿಲಿನ ಥರ ಒಂದು ಅಂಚಿರುತ್ತೆ. ಅದರ ಕೆಳಗೆ ಗೋಡೆ ದಪ್ಪ, ಒಳಜಾಗ ಕಡಿಮೆ, ಹಾಗಾಗಿ ಅಷ್ಟೇ ಮದ್ದಿಗೆ ಒತ್ತಡ ಜಾಸ್ತಿ. ಇಂಥದ್ದು ಸಿಕ್ಕರೆ ನೇರ ಗುಜರಿಗೆ.

ಬಕೆಟ್‌ನಲ್ಲಿ ಬೇರೆ ತೋಟಾದ ಕೇಸ್ ಅನ್ನೋ ಕಳ್ಳರೂ ಸೇರಿಕೊಂಡಿರ್ತಾರೆ. 9 ಎಂಎಂ ಕೇಸಿನ ಉದ್ದ ಸುಮಾರು 19 ಮಿಲಿಮೀಟರ್, ಇನ್ನೊಂದು ಪಿಸ್ತೂಲ್ ತೋಟಾ .380ರದ್ದು 17ರ ಆಸುಪಾಸು, ರಷ್ಯಾದ ಮಕಾರೊವ್ ಪಿಸ್ತೂಲಿನ ತೋಟಾದ್ದು 18. ಬರಿಗಣ್ಣಿಗೆ ಮೂರೂ ಅಣ್ಣತಮ್ಮಂದಿರು. ತಳದ ಮುದ್ರೆ (ತಯಾರಕರ ಗುರುತು, ತೋಟಾದ ಹೆಸರು) ಓದದೆ ಪ್ರೆಸ್ಸಿಗೆ, ಅಂದರೆ ರೀಲೋಡ್ ಮಾಡೋ ಯಂತ್ರಕ್ಕೆ, ಹಾಕಬೇಡಿ.

ಬಿರುಕು ಹುಡುಕೋಕೆ ಕಿವಿ ಸಾಕು. ನಾಲ್ಕೈದು ಕೇಸನ್ನು ಅಂಗೈಯಲ್ಲಿ ಕುಲುಕಿ. ಚೆನ್ನಾಗಿದ್ದರೆ ಟಿಣ್ ಟಿಣ್ ಅನ್ನುತ್ತೆ. ಒಂದರ ಬಾಯಿ ಸೀಳಿದ್ದರೂ ಒಡಕು ಮಡಕೆ ಬಡಿದ ಹಾಗೆ ಮಂದ ಸದ್ದು. ನಿಕ್ಕಲ್ ಲೇಪದ ಕೇಸ್ ನೋಡೋಕೆ ಚೆಂದ, ಡೈಯಲ್ಲಿ (ಕೇಸಿನ ಆಕಾರ ಸರಿಮಾಡೋ ಅಚ್ಚಲ್ಲಿ) ನುಣ್ಣಗೆ ಹೋಗುತ್ತೆ, ಆದರೆ ಬಾಯಿ ಬೇಗ ಸೀಳುತ್ತೆ. ಹೊಸ ಪ್ರೈಮರ್ ಒತ್ತಡವೇ ಇಲ್ಲದೆ ಜಾರಿ ಕೂತರೆ ಆ ಕೇಸಿನ ಆಯಸ್ಸು ಮುಗೀತು.

ತೊಳೆಯೋಕೆ ಅಮೋನಿಯಾ ಇರೋ ಕ್ಲೀನರ್ ಮಾತ್ರ ಬೇಡ. 70 ಪಾಲು ತಾಮ್ರ, 30 ಪಾಲು ಸತುವಿನ ಈ ಹಿತ್ತಾಳೆಗೆ ಅಮೋನಿಯಾ ವಿಷ. ಬ್ರಿಟಿಷರ ಕಾಲದಲ್ಲಿ ಭಾರತದ ಸೈನ್ಯ ಮಳೆಗಾಲದಲ್ಲಿ ಲಾಯಗಳಲ್ಲಿಟ್ಟ ತೋಟಾಗಳು ಗುಂಡು ಹಾರಿಸುವ ಮೊದಲೇ ಬಿರುಕು ಬಿಡ್ತಿದ್ದವು, ಕಾರಣ ಕುದುರೆ ಗಂಜಲದ ಅಮೋನಿಯಾ!

ಬ್ರ್ಯಾಂಡ್ ಬಗ್ಗೆ ನಾನು ತಲೆ ಕೆಡಿಸಿಕೊಳ್ಳಲ್ಲ. ಆದರೆ ಗೋಡೆಯ ದಪ್ಪ ಒಂದೊಂದು ಮುದ್ರೆಗೂ ಒಂದೊಂದು ಥರ, ತೆಳ್ಳಗಿದ್ದರೆ ಗುಂಡನ್ನು ಬಿಗಿಯಾಗಿ ಹಿಡಿಯಲ್ಲ. ಹಾಗಾಗಿ ಮುದ್ರೆ ಬದಲಾದಾಗಲೆಲ್ಲ ತಯಾರಾದ ಮೊದಲ ತೋಟಾದ ಗುಂಡನ್ನು ಹೆಬ್ಬೆರಳಿಂದ ಗಟ್ಟಿಯಾಗಿ ಒತ್ತಿ, ಉದ್ದವನ್ನು ಮತ್ತೆ ಅಳೀತೀನಿ. ಕೂದಲೆಳೆಯಷ್ಟು ಒಳಗೆ ಸರಿದಿದ್ದರೂ ಆ ಕಂತು ಪೂರ್ತಿ ಪಕ್ಕಕ್ಕೆ.